ಜೋಲು ಚೈನು, ಹನ್ನೆರಡು ಸುತ್ತು

ಸಿಕ್ಕಿತು! ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು. ಮುಂದಿನ ಭಾನುವಾರದಿಂದ ಅವಳು ಮಣ್ಣಿನ ಟ್ರ್ಯಾಕಿನಲ್ಲಿ ಬೈಕು ಓಡಿಸುವುದನ್ನು ಕಲಿಸುವ ಮೇಡಮ್ಮು. ಬೆಂಗಳೂರು, ಮೈಸೂರಿನಿಂದ ಕಾರಿನಲ್ಲಿ ಬರುವ ಹೆಣ್ಣುಮಕ್ಕಳು ಅವಳ ಮುಂದೆ ನಿಂತು, ಅವಳು ಹೇಳಿದಂತೆ ಕೇಳಬೇಕು. ಈ ಮಾತನ್ನು ನಿನ್ನೆಯಿಂದ ಎಷ್ಟು ಜನಕ್ಕೆ ಹೇಳಿದ್ದೇನೋ ನನಗೇ ತಿಳಿಯದು. ಟೀ ಅಂಗಡಿಯವನಿಗೆ ಎರಡು ಸಲ ಹೇಳಿದೆ. ಮೂರನೇ ಸಲ ಬಾಯಿ ತೆರೆದಾಗ ಅವನೇ ತಡೆದ. "ಗೊತ್ತಾಯ್ತು ಬುಡಣ್ಣ, ಮೊಮ್ಮಗಳು ಮೇಡಮ್ಮಾದ್ಲು. ಈಗ ಟೀ ಬೇಕೋ ಬ್ಯಾಡ್ವೋ ಅದ ಯೋಳು."

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ನಡೆದದ್ದನ್ನು ತಿದ್ದಿ ಬರೆಯುವುದಿಲ್ಲ. ಈ ಕೆಲಸ ಅವಳಿಗೆ ಸಿಗುವುದಕ್ಕೆ ಮುಂಚೆ ಒಂದು ಸಲ ತಪ್ಪಿಹೋಗಿತ್ತು. ತಪ್ಪಿಸಿದವನು ನಾನೇ.

ಮದ್ದೂರಿನ ಹಳೇ ರಸ್ತೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ನಲವತ್ತು ವರ್ಷದಿಂದ ಮೊಪೆಡ್ಡು, ಹಾಲಿನ ಕ್ಯಾನಿನ ಬೈಕು, ಹುಲ್ಲು ಹೊರೆಯ ಬೈಕು ನೋಡಿಕೊಂಡು ಬಂದವನು. ಮಳವಳ್ಳಿ ಕಡೆ, ಬಂಡೂರಿನ ಹತ್ತಿರ, ಕುರಿಗೂ ಸರಿಯಾಗಿ ಮೇವು ಹುಟ್ಟದ ಒಂದು ಕಲ್ಲುಭೂಮಿಯನ್ನು ಮಂಡ್ಯದ ಒಬ್ಬ ಯಜಮಾನ ಹಿಡಿದ. ಜೆಸಿಬಿ ತರಿಸಿ ಗುಡ್ಡ, ಹಳ್ಳ, ತಿರುವು ಮಾಡಿಸಿದ. ಶನಿವಾರ, ಭಾನುವಾರ ಪೇಟೆಯವರು ಬಂದು ಬೈಕು ಓಡಿಸಿ, ಬಿದ್ದು, ಎದ್ದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅದಕ್ಕೆ ಅವನು ಆರು ಡರ್ಟ್ ಬೈಕು ತರಿಸಿದ. ಹೊಸಬರಿಗೆಂದೇ ಮಾಡುವ, ಎಲ್ಲಕ್ಕಿಂತ ಅಗ್ಗದವು. ಸಣ್ಣ ಇಂಜಿನು, ಗಾಳಿಯಲ್ಲೇ ತಣ್ಣಗಾಗಬೇಕು. ಒದ್ದು ಸ್ಟಾರ್ಟ್ ಮಾಡಬೇಕು. ಲೈಟಿಲ್ಲ, ನಂಬರಿಲ್ಲ, ರಸ್ತೆಗೆ ಇಳಿಸುವಂತಿಲ್ಲ. ಸೀಟು ಮಾತ್ರ ಎತ್ತರ, ಹಿಂದಿನ ಶಾಕು, ಅಂದರೆ ಕುಲುಕು ತಾಳುವ ಸ್ಪ್ರಿಂಗು, ಮೊಳದುದ್ದ.

ಆ ಗಾಡಿಗಳನ್ನು ನೋಡಿಕೊಳ್ಳುವುದಕ್ಕೆ ನನ್ನನ್ನು ಕರೆದ. ಅಗ್ಗದ ಗಾಡಿಗೆ ಅಗ್ಗದ ಮೇಸ್ತ್ರಿ ಎಂದು ಅವನೇ ನಾಲ್ಕು ಜನರ ಮುಂದೆ ಹೇಳಿದ. ನನಗೆ ಕೋಪ ಬರಲಿಲ್ಲ. ಗಾಡಿ ನೋಡಿ ಆಸೆಯಾಗಿತ್ತು. ಅಗ್ಗದ ಗಾಡಿ ಕೆಟ್ಟ ಗಾಡಿಯಲ್ಲ. ಅದು ಕೈ ಬಿಡದೆ ನೋಡಿಕೊಳ್ಳಬೇಕಾದ ಗಾಡಿ, ಅಷ್ಟೇ. ಒಂದು ರೌಂಡು ಹೋಗಿ ಬಂದರೆ ಎಲ್ಲ ಬೋಲ್ಟಿಗೂ ಸ್ಪ್ಯಾನರು ಮುಟ್ಟಿಸಬೇಕು. ಸ್ಪೋಕು ಒಂದೊಂದನ್ನೂ ತಟ್ಟಿ ಸದ್ದು ಕೇಳಬೇಕು. ಗಾಳಿ ಸೋಸುವ ಸ್ಪಂಜನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆ ಕುಡಿಸಿ, ಹಿಂಡಿ ಹಾಕಬೇಕು. ಇದೆಲ್ಲ ಬೇಗ ಕಲಿತೆ. ಚೈನಿನ ವಿಚಾರ ನನಗೆ ಯಾರೂ ಕಲಿಸಬೇಕಾಗಿಲ್ಲ ಅಂದುಕೊಂಡಿದ್ದೆ.

ಮೊಮ್ಮಗಳು ಗೆಜ್ಜಲಗೆರೆಯ ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸದವಳು. ಇಪ್ಪತ್ತಮೂರು ವರ್ಷ. ಆರು ದಿನ ಮಿಷನ್ನಿನ ಮುಂದೆ ಕೂತು ಬೆನ್ನು ಗೂನಾಗುತ್ತಿದೆ ಅನ್ನುತ್ತಿದ್ದಳು. ಭಾನುವಾರ ನನ್ನ ಜೊತೆ ಟ್ರ್ಯಾಕಿಗೆ ಬರುತ್ತಿದ್ದಳು. ಮೊದಲು ಬೈಕು ತೊಳೆದಳು, ಆಮೇಲೆ ಓಡಿಸಿದಳು, ಆಮೇಲೆ ಹೆದರಿಕೊಂಡು ನಿಂತ ಹೆಂಗಸರಿಗೆ ಕ್ಲಚ್ಚು ಹೇಗೆ ಬಿಡಬೇಕೆಂದು ತೋರಿಸಿಕೊಟ್ಟಳು. ಅವರೆಲ್ಲ ಇವಳನ್ನೇ ಕೇಳಿಕೊಂಡು ಬರಲು ಶುರುಮಾಡಿದರು. ಯಜಮಾನನಿಗೆ ಅದು ಕಂಡಿತು. "ಇನ್ನೊಂದು ತಿಂಗ್ಳು ನೋಡ್ತೀನಿ. ಗಾಡಿ ಮುರೀದಂಗೆ ಓಡ್ಸುದ್ರೆ ಕೆಲ್ಸ ನಿಂದೆ," ಅಂದ. ಅವತ್ತು ರಾಗಿ ಮುದ್ದೆ ಮುರಿಯುತ್ತಾ ಅವಳು ಹತ್ತು ಸಲ ನಕ್ಕಳು. ನಮ್ಮ ಮನೆಯಲ್ಲಿ ಇಷ್ಟಪಟ್ಟ ಕೆಲಸ ಯಾರಿಗೂ ಸಿಕ್ಕಿದ್ದಿಲ್ಲ.

ಟ್ರ್ಯಾಕಿನಲ್ಲಿ ಒಂದು ಪದ್ಧತಿ ಇತ್ತು. ಹೆಸರು ಮೆರವಣಿಗೆ. ಯಾವ ಗಾಡಿಯಾದರೂ ನಡುವೆ ಕೆಟ್ಟು ನಿಂತರೆ, ಯಾರ ತಪ್ಪಿನಿಂದ ನಿಂತಿತೋ ಅವರು ಆ ಗಾಡಿಯನ್ನು ಪೂರ್ತಿ ಒಂದು ಸುತ್ತು ತಳ್ಳಬೇಕು. ಅಡ್ಡದಾರಿ ಹಿಡಿಯುವಂತಿಲ್ಲ. ಯಜಮಾನ ಒಂದು ಹಳೇ ಎಣ್ಣೆ ಡಬ್ಬ ಇಟ್ಟುಕೊಂಡಿದ್ದ, ಚೌಕದ್ದು, ಹದಿನೈದು ಲೀಟರಿನದು. ತಳ್ಳುವವರ ಹಿಂದೆ ಒಬ್ಬ ಆ ಡಬ್ಬ ಬಡಿದುಕೊಂಡು ಬರುವುದು, ಗಿರಾಕಿಗಳು ಫೋನು ಹಿಡಿದು ನಗುವುದು. ತಪ್ಪು ಯಾರದೆಂದು ಹೇಳಬೇಕಾದವನು ಮೇಸ್ತ್ರಿ, ಅಂದರೆ ನಾನು. ಗಿರಾಕಿಯ ತಪ್ಪು ಅನ್ನುವ ಹಾಗಿಲ್ಲ. ಹಾಗಾಗಿ ಪ್ರತಿ ಸಲವೂ ನನ್ನದೇ.

ಮೊದಲ ತಿಂಗಳಲ್ಲೇ ಮೂರು ಸಲ ಚೈನು ಹೋಯಿತು. ಮೂರು ಸಲ ತಳ್ಳಿದೆ. ಅರವತ್ತೆಂಟು ವರ್ಷದ ಮಂಡಿ. ಮೂರನೇ ಸಲ ದೊಡ್ಡ ಗುಡ್ಡದ ನಡುವೆ ಕಾಲು ಮಡಚಿಕೊಂಡು ಕೂತುಬಿಟ್ಟೆ. ಗಾಡಿ ನನ್ನ ಮೇಲೆ ಒರಗಿತು. ಡಬ್ಬ ನಿಲ್ಲಲಿಲ್ಲ.

"ಏಳ್ಲಾ ಮುದ್ಕಪ್ಪ, ಇನ್ನೂ ಅರ್ಧ ಊರು ನೋಡ್ಬೇಕು ದೇವ್ರ!" ಯಜಮಾನ ಕೂಗಿದ. ಜನ ನಕ್ಕರು. ಅವತ್ತಿನಿಂದ ನನಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಆಗುವುದಿಲ್ಲ. ಮನೆಯಲ್ಲಿ ಎಲ್ಲರೂ ಸಾಲಾಗಿ ಕೂತು ಉಣ್ಣುವಾಗ ನಾನೊಬ್ಬ ಗೋಡೆಗೆ ಒರಗಿ ನಿಂತು ಉಣ್ಣುತ್ತಿದ್ದೆ.

ಚೈನು ಯಾಕೆ ಹೋಗುತ್ತದೆ? ಅಗ್ಗದ ಚೈನು ಅಂದುಕೊಂಡೆ. ಇನ್ನೂ ಬಿಗಿ ಮಾಡಿದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದುದು ಒಂದೇ ಮಾತು, ಜೋಲು ಚೈನು ಸೋಮಾರಿಯ ಗುರುತು. ಹುಲ್ಲು ಹೊರೆ ಹಾಕಿಕೊಂಡು ಏರು ಹತ್ತುವ ಮೊಪೆಡ್ಡಿಗೆ ಚೈನು ಸಡಿಲ ಬಿಟ್ಟರೆ ಹಲ್ಲುಚಕ್ರದಿಂದ ಹಾರುತ್ತದೆ. ನಲವತ್ತು ವರ್ಷ ನನ್ನ ಅಂಗಡಿಯಿಂದ ಜೋಲು ಚೈನಿನ ಗಾಡಿ ಹೊರಗೆ ಹೋಗಿಲ್ಲ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚೈನನ್ನು ಬೆರಳಿನಿಂದ ಎತ್ತಿ ನೋಡಿ, ಒಂದು ಬೆರಳಿಗಿಂತ ಹೆಚ್ಚು ಆಡಿದರೆ ಎಳೆದು ಬಿಗಿಯುವುದು ನನ್ನ ಹೆಮ್ಮೆ.

ನಾಲ್ಕನೇ ಸಲ ಚೈನು ಹರಿದದ್ದು ಮೊಮ್ಮಗಳ ಕೈಯಲ್ಲಿ. ದೊಡ್ಡ ಗುಡ್ಡ ಹಾರಿ ಗಾಡಿ ನೆಲ ಮುಟ್ಟಿತು ನೋಡಿ, ಫಟ್ ಅಂದಿತು. ಚೈನು ಹಾವಿನ ಹಾಗೆ ಹಿಂದಕ್ಕೆ ಹಾರಿ ಮಣ್ಣಿನಲ್ಲಿ ಬಿತ್ತು. ಅವಳು ಬೀಳಲಿಲ್ಲ. ಸಮಾಧಾನವಾಗಿ ಗಾಡಿ ನಿಲ್ಲಿಸಿ ನನ್ನ ಕಡೆ ನೋಡಿದಳು.

ಯಜಮಾನ ಡಬ್ಬ ತಂದ. ಐವತ್ತು ಜನ ಸೇರಿದ್ದರು. "ಯೋಳು ಮೇಸ್ತ್ರಿ, ಯಾರ್ದು ತಪ್ಪು? ನಿಂದಾ, ಮೊಮ್ಮಗಳ್ದಾ?"

ನನ್ನ ಮಂಡಿ ಆ ಗುಡ್ಡವನ್ನು ನೋಡಿತು. ಬಾಯಿ ತಾನೇ ಮಾತಾಡಿತು. "ಅವಳ್ದೆ ಯಜಮಾನ್ರೇ. ಗಾಳೀಲಿ ಇದ್ದಾಗ ರೇಸ್ ಕೊಟ್ಟವ್ಳೆ. ನೆಲಕ್ಕೆ ಬಿದ್ದೇಟ್ಗೆ ಚೈನು ಇನ್ನೇನ್ ಮಾಡ್ತದೆ?"

ಅವಳು ರೇಸ್ ಕೊಟ್ಟಿರಲಿಲ್ಲ. ನಾನು ನೋಡಿದ್ದೆ. ಇಂಜಿನ್ನಿನ ಸದ್ದು ಕೇಳಿದ್ದೆ.

ಅವಳು ಹೆಲ್ಮೆಟ್ ತೆಗೆದು ಹ್ಯಾಂಡಲಿಗೆ ನೇತುಹಾಕಿ ತಳ್ಳಿದಳು. ಪೂರ್ತಿ ಸುತ್ತು. ಹಿಂದೆ ಡಬ್ಬ. "ಮೇಡಮ್ಮನ ಮೆರವಣಿಗೆ!" ಎಂದು ಒಬ್ಬ ಕಿರುಚಿದ. ಅವಳಿಂದಲೇ ಕ್ಲಚ್ಚು ಬಿಡುವುದನ್ನು ಕಲಿತಿದ್ದ ಇಬ್ಬರು ಹೆಂಗಸರು ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದರು. ಸುತ್ತು ಮುಗಿದ ಮೇಲೆ ಯಜಮಾನ ಹೇಳಿದ, "ಗಾಡಿ ಮುರಿಯೋರು ನಂಗೆ ಬ್ಯಾಡ. ನಾಳೆಯಿಂದ ಬಟ್ಟೆ ಒಲ್ಕೊಂಡು ಇರವ್ವ."

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಮನೆಯಲ್ಲಿ ಸೊಸೆ, ಅಂದರೆ ಅವಳ ತಾಯಿ, ಏನಾಯಿತೆಂದು ಕೇಳಿದ್ದಕ್ಕೆ "ಕೆಲ್ಸ ಇಲ್ವಂತೆ" ಅಂದಳು, ಅಷ್ಟೇ. ನನ್ನ ಹೆಸರೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ನಾನು ಮೂಲೆಯಲ್ಲಿ ನಿಂತು ಉಂಡೆ.

ಮಾರನೆಯ ದಿನ ಆ ಗಾಡಿಯನ್ನು ಮದ್ದೂರಿನ ಅಂಗಡಿಗೆ ಸಾಗಿಸಲು ಟೆಂಪೋ ಬಂತು. ಹೊಸ ಚೈನು ಹಾಕಿ, ಎಂದಿನಂತೆ ಬಿಗಿದಿದ್ದೆ. ಗೇರುಪೆಟ್ಟಿಗೆಯ ಹತ್ತಿರ ಎಣ್ಣೆ ಸೋರುತ್ತಿತ್ತು, ಅದನ್ನು ಬಿಚ್ಚಬೇಕಿತ್ತು. ಗಾಡಿ ಹತ್ತಿಸಿದ ಮೇಲೆ ಡ್ರೈವರು ಅಲ್ಲಾಡದಂತೆ ಸೀಟಿನ ಮೇಲೆ ಹಗ್ಗ ಹಾಕಿ ಕೆಳಕ್ಕೆ ಜಗ್ಗಿ ಕಟ್ಟಿದ. ಹಿಂದಿನ ಶಾಕು ಕುಗ್ಗಿತು. ಆಗ ಎಲ್ಲಿಂದಲೋ ಕಿರ್ರ್ ಅಂತು.

ಚೈನನ್ನು ಮುಟ್ಟಿ ನೋಡಿದೆ. ಕಬ್ಬಿಣದ ಸಲಾಕೆ! ಒಂದು ಕೂದಲಿನಷ್ಟೂ ಆಡಲಿಲ್ಲ.

"ಹಗ್ಗ ಬಿಚ್ಚು," ಅಂದೆ.

"ಈಗ ಕಟ್ಟಿದ್ದಲ್ವಾ ತಾತೋ?"

"ಬಿಚ್ಲಾ ಅಂದ್ರೆ."

ಬಿಚ್ಚಿದ. ಸೀಟು ಮೇಲೆದ್ದಿತು. ಚೈನು ಬೆರಳಿನಷ್ಟು ಆಡಿತು. "ಈಗ ಕಟ್ಟು." ಕಟ್ಟಿದ. ಸಲಾಕೆ. "ಬಿಚ್ಚು." ಆಡಿತು. ಐದು ಸಲ ಕಟ್ಟಿಸಿ ಬಿಚ್ಚಿಸಿದೆ. ಡ್ರೈವರು ಹಗ್ಗ ಎಸೆದು ಕೂತ. "ನಿಂಗೇನಾದ್ರೂ ಗಾಳಿಗೀಳಿ ಮೆಟ್ಕೊಂಡೈತಾ? ಅಲ್ಲೇ ಬೇವಿನ್ ಸೊಪ್ಪೈತೆ, ಬಡೀಲಾ?"

ಬಡಿದಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಮೊಪೆಡ್ಡಿನ ಹಿಂದಿನ ಚಕ್ರ ಎರಡು ಬೆರಳಷ್ಟು ಕುಗ್ಗಿದರೆ ಹೆಚ್ಚು. ಈ ಗಾಡಿಯದು ಗೇಣಷ್ಟು ಕುಗ್ಗುತ್ತದೆ. ಕುಗ್ಗುವಾಗ ಚಕ್ರ ಗೇರುಪೆಟ್ಟಿಗೆಯಿಂದ ದೂರ ಸರಿಯುತ್ತದೆ. ಸ್ಟ್ಯಾಂಡಿನ ಮೇಲೆ ನೋಡಿದಾಗ ಸರಿಯಾಗಿ ಕಾಣುವ ಚೈನು, ಜನ ಕೂತು ಗುಡ್ಡ ಹಾರಿ ಬಿದ್ದಾಗ ಹರಿಯಲೇಬೇಕು. ಹರಿಯದಿದ್ದರೆ ಗೇರಿನ ಬೇರಿಂಗು ಮುರಿಯಬೇಕು. ಈ ಗಾಡಿಗೆ ಜೋಲು ಚೈನೇ ಸರಿ. ಮೂರು ಬೆರಳು ಆಡಬೇಕು. ನಾಲ್ಕು ಸಲವೂ ಚೈನು ಹರಿದದ್ದು ನನ್ನ ಹೆಮ್ಮೆಯಿಂದ.

ಟೆಂಪೋ ಬಿಟ್ಟು ಬಸ್ಸು ಹಿಡಿದು ಗೆಜ್ಜಲಗೆರೆಗೆ ಹೋದೆ. ಫ್ಯಾಕ್ಟರಿ ಬಿಡುವ ಹೊತ್ತು. ನೂರಾರು ಹೆಣ್ಣುಮಕ್ಕಳ ನಡುವೆ ಅವಳು ಊಟದ ಡಬ್ಬಿ ಹಿಡಿದು ಬಂದಳು. ಅಲ್ಲೇ ಎಲ್ಲವನ್ನೂ ಹೇಳಿದೆ. ಚೈನು, ಹಗ್ಗ, ಮೂರು ಬೆರಳು. "ತಪ್ಪಾಯ್ತು ಕಣವ್ವ," ಅಂದೆ.

ಅವಳು ಬಸ್ಸು ಬರುತ್ತಿದೆಯೇ ಎಂದು ರಸ್ತೆ ನೋಡಿದಳು. ಆಮೇಲೆ ಹೇಳಿದಳು, "ಚೈನು ಬಿಗಿ ಮಾಡಿದ್ದು ತಪ್ಪಲ್ಲ ತಾತ. ನಿಂಗೆ ಗೊತ್ತಿರ್ನಿಲ್ಲ. ನಾನು ರೇಸ್ ಕೊಡ್ನಿಲ್ಲ ಅನ್ನೋದು ಗೊತ್ತಿತ್ತಲ್ವಾ?"

ಅವಳ ಊಟದ ಡಬ್ಬಿ ಹಿಡಿಯಲು ಕೈ ಚಾಚಿದೆ, ಅವಳು ಕೊಡಲಿಲ್ಲ.

"ನಂಗ್ಯಾಕೆ ಯೋಳ್ತೀಯ? ನಂಗೆ ಗೊತ್ತೇ ಐತೆ. ಎಲ್ಲಿ ಸುಳ್ಳು ಯೋಳಿದ್ಯೋ ಅಲ್ಲಿ ಓಗಿ ಯೋಳು." ಬಸ್ಸು ಹತ್ತಿ ಹೋದಳು. ಆ ವಾರ ಪೂರ್ತಿ ನನ್ನ ಜೊತೆ ಮಾತಿಲ್ಲ. ನನ್ನ ಹೆಂಡತಿಗೆ ವಿಷಯ ತಿಳಿಸಿದಾಗ ಅವಳು ಬೈದದ್ದನ್ನು ಇಲ್ಲಿ ಬರೆಯಲಾರೆ. ಕೊನೆಯಲ್ಲಿ ಅಂದದ್ದನ್ನು ಮಾತ್ರ ಬರೆಯುತ್ತೇನೆ. "ಮಂಡಿ ನೋವಿಗೆ ಮೊಮ್ಮಗಳ ಮಾರ್ಕೊಂಡ್ಯಲ್ಲ, ನೀನೂ ಒಂದು ಗಂಡ್ಸಾ?"

ನಾಲ್ಕು ದಿನ ಯೋಚಿಸಿದೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಚೈನು ಸಡಿಲ ಬಿಟ್ಟು ಸುಮ್ಮನಿರಬಹುದು. ಗಾಡಿ ಓಡುತ್ತವೆ, ಯಜಮಾನ ಮೆಚ್ಚುತ್ತಾನೆ, ಅವಳು ಬಟ್ಟೆ ಹೊಲಿಯುತ್ತಾಳೆ. ಶನಿವಾರ ಆರೂ ಗಾಡಿಗಳ ಚೈನು ಸಡಿಲ ಮಾಡಿದೆ. ಆರನೆಯದು ಮುಗಿಸಿ ಎದ್ದಾಗ ತೀರ್ಮಾನವೂ ಆಗಿತ್ತು. ಮನೆಗೆ ಹೋಗಿ, ಗೋಡೆಗೆ ಹೇಳುವ ಹಾಗೆ, "ನಾಳೆ ಟ್ರ್ಯಾಕಿಗೆ ಬತ್ತೀಯಾ?" ಅಂದೆ. ಅವಳು ಬೆಳಿಗ್ಗೆ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಭಾನುವಾರ ಜನ ಸೇರುವ ತನಕ ಕಾದೆ. ಆಮೇಲೆ ಆ ಎಣ್ಣೆ ಡಬ್ಬವನ್ನು ನಾನೇ ತೆಗೆದುಕೊಂಡು ಬಡಿದೆ. ಎಲ್ಲರೂ ತಿರುಗಿದರು. "ಓದ ವಾರ ಚೈನು ಅರಿದದ್ದು ಈ ಮಗೀನ ತಪ್ಪಲ್ಲ, ನಂದು. ಬಿಗಿ ಮಾಡಿ ಕೆಡ್ಸಿದ್ದು ನಾನು. ಸುಳ್ಳು ಯೋಳಿದ್ದೂ ನಾನೇ."

ಯಜಮಾನ ನಗುತ್ತಲೇ ಬಂದು ಗಾಡಿಯ ಚೈನನ್ನು ಬೂಟಿನ ತುದಿಯಿಂದ ಎತ್ತಿದ. ಅದು ಜೋಲಾಡಿತು. "ಇದೇನ್ಲಾ ಇದು, ನಮ್ಮಜ್ಜಿ ಕಿವಿ ಇದ್ದಂಗೈತೆ? ಇದ್ರಲ್ಲಿ ಓಡ್ತದಾ?"

"ಓಡ್ತದೆ."

"ಸರಿ. ನಿನ್ ಮೊಮ್ಮಗಳೇ ಓಡ್ಸ್ಲಿ. ಅನ್ನೆರಡು ಸುತ್ತು. ನಡುವೆ ಬಿಟ್ ಬರಂಗಿಲ್ಲ, ನೀನು ಗಾಡಿ ಮುಟ್ಟಂಗಿಲ್ಲ. ಮುಗ್ಸುದ್ರೆ ಕೆಲ್ಸ ಅವಳ್ದು. ಕೆಟ್ ನಿಂತ್ರೆ ಇಬ್ರೂ ಮಳವಳ್ಳಿ ಗಂಟ ತಳ್ಕೊಂಡೋಗಿ, ಡಬ್ಬ ಬಡಿಯಕ್ಕೆ ನಾನೇ ಬತ್ತೀನಿ."

ಗಿರಾಕಿಗಳಿಗೆ ಹಬ್ಬ. ಯಜಮಾನ ಅಷ್ಟಕ್ಕೇ ಬಿಡಲಿಲ್ಲ. ಟ್ಯಾಂಕರಿನವನನ್ನು ಕರೆದು ಕೊನೆಯ ತಿರುವಿಗೆ ನೀರು ಬಿಡಿಸಿದ. ಧೂಳು ಕೂರಲಿ ಅಂತ ಅಂದ. ಆ ತಿರುವು ಕೆಸರುಗದ್ದೆಯಾಯಿತು.

ಅವಳು ನನ್ನ ಮುಖ ನೋಡದೆ ಗಾಡಿ ಹತ್ತಿದಳು. ನಾನು ಎಡ ಜೇಬಿಗೆ ಹನ್ನೆರಡು ನಟ್ಟು ಹಾಕಿಕೊಂಡೆ. ಒಂದು ಸುತ್ತು ಮುಗಿದರೆ ಒಂದು ನಟ್ಟು ಬಲ ಜೇಬಿಗೆ. ಆ ಯಜಮಾನನ ಎಣಿಕೆ ನಂಬುವ ಹಾಗಿರಲಿಲ್ಲ.

ಮೊದಲ ಮೂರು ಸುತ್ತು ಚೈನು ಪಟಪಟ ಬಡಿಯುವುದು ಎಲ್ಲರಿಗೂ ಕೇಳುತ್ತಿತ್ತು. ಅದು ಸಮೀಪ ಬಂದಾಗಲೆಲ್ಲ ಜನ ನಗುವರು. ನಾಲ್ಕನೇ ಸುತ್ತಿನಲ್ಲಿ ಕೆಸರು ತಿರುವಿನಲ್ಲಿ ಜಾರಿ ಬಿದ್ದಳು. ಗಾಡಿ ಕಾಲಿನ ಮೇಲೆ. ನಾನು ಎರಡು ಹೆಜ್ಜೆ ಇಟ್ಟೆ. "ಮುಟ್ಟುದ್ರೆ ಆಟ ಮುಗೀತು ಮೇಸ್ತ್ರಿ!" ಅಂತ ಯಜಮಾನ. ನಿಂತೆ. ಅವಳು ಕಾಲು ಎಳೆದುಕೊಂಡಳು, ಹ್ಯಾಂಡಲಿಗೆ ಹೆಗಲು ಕೊಟ್ಟು ಗಾಡಿ ಎತ್ತಿದಳು. ಒದ್ದಳು. ಹತ್ತಲಿಲ್ಲ. ಮತ್ತೆ ಒದ್ದಳು. ಕಿಕ್ಕರು ಹಿಂದಕ್ಕೆ ಹೊಡೆದು ಮುಂಗಾಲಿನ ಚರ್ಮ ಸುಲಿಯಿತು. ಹಿಂದೆ ಡಬ್ಬ ಬಡಿಯಲು ಶುರುವಾಗಿತ್ತು. ಏಳನೇ ಒದೆತಕ್ಕೆ ಹತ್ತಿತು.

ಎಂಟನೇ ಸುತ್ತಿನಲ್ಲಿ ಚೈನಿನ ಸದ್ದು ನಿಂತಿತು. ಚೈನು ಬಿದ್ದಿದೆ ಅಂದುಕೊಂಡೆ. ಗುಡ್ಡದ ಮೇಲೆ ಅವಳು ಕಾಣುವ ತನಕ ಜೇಬಿನ ನಟ್ಟುಗಳನ್ನು ಎಣಿಸುತ್ತಿದ್ದೆ. ಬಂದಳು. ಚೈನಿಗೆ ಕೆಸರು ಮೆತ್ತಿಕೊಂಡು ಸದ್ದು ಮೆತ್ತಗಾಗಿತ್ತು, ಅಷ್ಟೇ! ಹತ್ತು, ಹನ್ನೊಂದು. ದೊಡ್ಡ ಗುಡ್ಡ ಹಾರಿದಾಗಲೆಲ್ಲ ನಾನು ಫಟ್ ಅನ್ನುವುದಕ್ಕೆ ಕಾಯುತ್ತಿದ್ದೆ. ಅನ್ನಲಿಲ್ಲ. ಹನ್ನೆರಡನೇ ನಟ್ಟು ಬಲ ಜೇಬಿಗೆ ಹಾಕಿದಾಗ ನನ್ನ ಕೈ ಜೇಬಿನಿಂದ ಹೊರಗೆ ಬರಲಿಲ್ಲ, ನಟ್ಟುಗಳನ್ನು ಹಿಡಿದುಕೊಂಡೇ ಅತ್ತೆ.

ಯಜಮಾನ ಚೈನು ನೋಡಿದ. ಮತ್ತೆ ಬೂಟಿನಿಂದ ಎತ್ತಿದ. "ಮುಂದಿನ್ ಭಾನುವಾರ ಏಳಕ್ಕೆ ಬಾ. ತಡ ಆದ್ರೆ ಮನೇಲೇ ಇರು," ಎಂದು ಅವಳಿಗೆ ಹೇಳಿದ. ನನಗೆ, "ನೀನು ಬರ್ಬ್ಯಾಡ. ತಪ್ಪು ಒಪ್ಕೊಂಡ ಮೇಸ್ತ್ರಿ ಮುಟ್ಟಿದ ಗಾಡಿ ಮ್ಯಾಕೆ ಯಾರು ಅತ್ತಾರು?"

ಸರಿ ಅಂದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಅವನು ನನ್ನ ತಲೆ ಕೇಳಿದ್ದರೂ ಸರಿ ಅನ್ನುತ್ತಿದ್ದೆ. ಸಡಿಲ ಬಿಡುವ ಅಳತೆ ಅವಳಿಗೆ ಗೊತ್ತು. ಮೂರು ಬೆರಳು. ಅವಳ ಬೆರಳು ಸಣ್ಣ, ನಾಲ್ಕು ಇಟ್ಟುಕೊಳ್ಳಲಿ.

ಅವಳು ರಕ್ತದ ಕಾಲಿನಲ್ಲೇ ನಿಂತು, "ಆ ಡಬ್ಬ ನಂಗೆ ಕೊಡಿ," ಅಂದಳು.

"ತಗೊಂಡೋಗು, ನನ್ನತ್ರ ಇನ್ನೂ ನಾಕವೆ," ಎಂದು ಯಜಮಾನ ನಕ್ಕ.

ಬಸ್ಸಿನಲ್ಲಿ ಡಬ್ಬ ಅವಳ ತೊಡೆಯ ಮೇಲಿತ್ತು. ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದಳು. ಮನೆಗೆ ಮೊದಲು ನುಗ್ಗಿದವನು ನಾನು. ಬಾಗಿಲಿಂದಲೇ ಕೂಗಿದೆ. ಮಗ ಸೈಕಲ್ಲು ಹತ್ತಿ ಬಾಡು ತರಲು ಹೋದ. ಸೊಸೆ ಅಳುತ್ತಲೇ ಮಸಾಲೆ ರುಬ್ಬಿದಳು. ನನ್ನ ಹೆಂಡತಿ ಮೊಮ್ಮಗಳ ಕಾಲಿಗೆ ಅರಿಶಿನ ಮೆತ್ತಿ, ನನ್ನ ಕಡೆ ನೋಡಿ, "ಈ ಮುದೀಯನ್ಗೂ ಒಂದು ಮುದ್ದೆ ಆಕು, ಪಾಪ," ಅಂದಳು.

ಕತ್ತಲಾಗುವ ಮುಂಚೆಯೇ ಎಲ್ಲರೂ ಸಾಲಾಗಿ ಕೂತರು. ಮುದ್ದೆ, ಬಾಡಿನ ಸಾರು, ಈರುಳ್ಳಿ. ನಾನು ಎಂದಿನಂತೆ ತಟ್ಟೆ ಹಿಡಿದು ಗೋಡೆಗೆ ಒರಗಲು ಹೋದೆ. ಮೊಮ್ಮಗಳು ಕುಂಟುತ್ತ ಎದ್ದಳು. ಆ ಎಣ್ಣೆ ಡಬ್ಬವನ್ನು ಅಡಿಮೇಲು ಮಾಡಿ ಸಾಲಿನಲ್ಲಿ ಇಟ್ಟಳು. ಅದರ ಮೇಲೆ ಊಟದ ಮಣೆ ಇಟ್ಟಳು.

"ಕೂತ್ಕೊ ತಾತ."

ಆರು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. ಮೆಲ್ಲಗೆ ಕೂತೆ. ನನ್ನ ಭಾರಕ್ಕೆ ಡಬ್ಬ, ಮೆರವಣಿಗೆಯಲ್ಲಿ ಬಡಿದಂತೆಯೇ, ಡಬ್ ಅಂತು. ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ನನ್ನ ಮುಖ ನೋಡುವುದಕ್ಕೆ ಯಾರಿಗೂ ಧೈರ್ಯವಾಗಲಿಲ್ಲ.

ಮೊದಲು ನಕ್ಕವಳು ಅವಳೇ. ಆಮೇಲೆ ಎಲ್ಲರೂ ನಕ್ಕು, ನಗು ಮುಗಿಯುವ ಮುಂಚೆಯೇ ಮುದ್ದೆ ಮುರಿದು ಉಂಡೆವು.